ತಿದಿ ತುಂಬುವಷ್ಟು ಹೊತ್ತು

೧೪ ಅಕ್ಟೋಬರ್ ೧೯೫೮, ಮಂಗಳವಾರ
ಹೆಂಚಿನ ಕಾರ್ಖಾನೆಯ ಆಫೀಸಿನಿಂದ ನೇರ ಇಗರ್ಜಿಗೆ. ಕೋಯರ್ ಹಾಡುಗಾರರ ಅಭ್ಯಾಸ. ಸತ್ತವರ ಹಬ್ಬದ ಲ್ಯಾಟಿನ್ ಹಾಡು. ಉರ್ಸುಲಾ ಬಾಯಿಯದ್ದು ಮೇಲಿನ ಸ್ವರ, ನನ್ನದು ನಡುವಿನ ಟೆನರ್, ದರ್ಜಿ ಸೆವರಿನ್‌ನದ್ದು ಎಲ್ಲಕ್ಕಿಂತ ಕೆಳಗಿನ ಬಾಸ್. ಮೂವರಿಗೂ ನೊಟೇಶನ್ ಓದಲು ಬಾರದು. ಆರ್ಥರ್ ಮಾಸ್ಟ್ರು ಬೋರ್ಡಿನಲ್ಲಿ ದೋ ರೆ ಮಿ ಬರೆದು ಕಲಿಸುತ್ತಾರೆ. ಈ ಮಳೆಗಾಲದವರೆಗೆ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ — ಒಂದೇ ಇಗರ್ಜಿ, ಬೇರೆ ಬೇರೆ ಬೆಂಚು.

ಆರ್ಗನ್ನಿಗೆ ಗಾಳಿ ಊದುವ ತಿದಿಯ ಚರ್ಮ ಸೋರುತ್ತದೆ. ಕೊನೆಯ ಸಾಲಿಗೆ ಮೊದಲು ಗಾಳಿ ಖಾಲಿ. ನುಡಿಸುತ್ತಿರುವ ಮಾಸ್ಟ್ರು ಕೈ ಎತ್ತುತ್ತಾರೆ. ಎಲ್ಲರೂ ನಿಲ್ಲಬೇಕು. ಹಿಂದೆ ಇಗರ್ಜಿಯ ಗಂಟೆ ಹೊಡೆಯುವ ಲ್ಯಾನ್ಸಿ ತಿದಿಯ ಹಿಡಿಕೆ ಒತ್ತುತ್ತಾನೆ. ತಿದಿ ತುಂಬಿದಾಗ ಹಿಡಿಕೆ ಮರಕ್ಕೆ ತಾಗಿ ‘ಟಕ್’ ಎನ್ನುತ್ತದೆ. ಆಗ ಸೆವರಿನ್ ಒಬ್ಬನೇ ಬಾಸಿನಲ್ಲಿ ಕೊನೆಯ ಸಾಲು ಎತ್ತಿಕೊಡುತ್ತಾನೆ. ನಾವು ಅವನ ಹಿಂದೆ.

“ಹಾಡು ಬರೆದವರು ಇಲ್ಲಿ ನಿಲ್ಲಿಸ್ಲಿಲ್ಲ,” ಎಂದರು ಮಾಸ್ಟ್ರು.

“ಅವರ ಆರ್ಗನ್ನಿಗೆ ತೂತು ಇರ್ಲಿಲ್ಲ ಅಲ್ವಾ ಮಾಸ್ಟ್ರೇ,” ಎಂದ ಸೆವರಿನ್.

೩ ನವೆಂಬರ್, ಸೋಮವಾರ
ಹಾಡು ಚೆನ್ನಾಯಿತು. ನಡುವೆ ನಿಂತದ್ದೂ ಸರಿಯಾಗಿಯೇ. ಆಮೇಲೆ ಮೂವರೂ ಹಂಪನಕಟ್ಟೆಯಲ್ಲಿ ಕಾಫಿಗೆ.

“ನಿನ್ನ ಬಾಸ್ ಕೇಳಿದ್ರೆ ಸತ್ತವರು ಎದ್ದು ಕೂತ್ಕೊಂಡಾರು,” ಎಂದರು ಉರ್ಸುಲಾ ಬಾಯಿ.

“ನಾನು ಸತ್ತಾಗ ಹಾಡ್ಲಿಕ್ಕೆ ನೀವಿಬ್ರು ಉಂಟು. ಎತ್ತಿಕೊಡುದು ಯಾರು ಮಾರಾಯ್ರೆ?”

ಬಹಳ ನಕ್ಕೆವು. ನನಗೆ ಆಫೀಸಿನ ಹೊರಗೆ ಇಷ್ಟು ನಗುವವರು ಯಾರೂ ಇರಲಿಲ್ಲ.

೧೯ ಆಗಸ್ಟ್ ೧೯೫೯, ಬುಧವಾರ
ಸೆವರಿನ್ ವೆಲ್ಲೂರಿನ ಆಸ್ಪತ್ರೆಯಿಂದ ಬಂದಿದ್ದಾನೆ. ಉರ್ಸುಲಾ ಬಾಯಿ, ನಾನು ನೋಡಿ ಬಂದೆವು. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ಕೊರಳಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ — ತಾನೇ ಹೊಲಿದದ್ದು, ಅಂಚು ಮಡಚಿ, ನೀಟಾಗಿ. ಮಾತೆಲ್ಲ ಸ್ಲೇಟಿನಲ್ಲಿ.

ಬರೆದ: “ದೋ ಕೂಡ ಇಲ್ಲ.”

ಉರ್ಸುಲಾ ಬಾಯಿ ನರ್ಸು. ಇಂಥದ್ದು ಎಷ್ಟೋ ನೋಡಿದವರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತರು.

ಅವನು ಇನ್ನು ಕೋಯರಿಗೆ ಬರುವುದಿಲ್ಲವಂತೆ.

೧೦ ಜನವರಿ ೧೯೬೦, ಭಾನುವಾರ
ಬಂದ! ಉರ್ಸುಲಾ ಬಾಯಿಯ ಉಪಾಯ. ಲ್ಯಾನ್ಸಿಗೆ ಸೊಂಟನೋವು. “ಸ್ವರ ಇಲ್ಲದಿದ್ರೆ ಎಂತ? ಕೈ ಉಂಟಲ್ಲ,” ಎಂದು ಮನೆಗೆ ಹೋಗಿ ಎಳೆದುಕೊಂಡು ಬಂದರು. ತಿದಿ ಈಗ ಸೆವರಿನ್‌ನದ್ದು. ಬಾಸಿನವರು ಬೇರೆ ಯಾರೂ ಇಲ್ಲ. ಅವನ ಸಾಲನ್ನು ಮಾಸ್ಟ್ರು ಆರ್ಗನ್ನಿನಲ್ಲಿ ನುಡಿಸುತ್ತಾರೆ.

ಪೂಜೆ ಮುಗಿದ ಮೇಲೆ ಸ್ಲೇಟು ತೋರಿಸಿದ: “ಈಗ ನಿಮಗೆಲ್ಲ ಉಸಿರು ನನ್ನದೇ.”

ಕಾಫಿಗೂ ಬಂದ.

೧ ಅಕ್ಟೋಬರ್ ೧೯೬೧, ಭಾನುವಾರ
ಬೊಂಬಾಯಿಯಿಂದ ಹೊಸ ಆರ್ಗನ್ ಬಂತು. ಇಲ್ಲಿಂದ ಹೋಗಿ ಅಲ್ಲಿ ನೆಲೆಸಿದ ಒಬ್ಬರ ದಾನ. ನುಡಿಸುವವರೇ ಕಾಲಿನಿಂದ ತುಳಿದು ಗಾಳಿ ತುಂಬಿಸುವಂಥದ್ದು. ಸೋರುವುದಿಲ್ಲ. ಹಳೆಯದನ್ನು ಇಬ್ಬರು ಕೂಲಿಯವರು ಕೋಯರಿನ ಅಟ್ಟದಿಂದ ಕೆಳಗಿಳಿಸಿದರು.

“ಇನ್ನು ನಿಮ್ಗೆ ಕಷ್ಟ ಇಲ್ಲ ಸೆವರಿನ್,” ಎಂದರು ಫಾದರ್. ಒಳ್ಳೆಯ ಮನಸ್ಸಿನಿಂದಲೇ.

ಸೆವರಿನ್ ತಲೆಯಾಡಿಸಿ ನಕ್ಕ. ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡಿದ.

“ಪುಟ ತಿರುಗಿಸ್ಲಿಕ್ಕೆ ಜನ ಬೇಕು ಅಲ್ವಾ ಮಾಸ್ಟ್ರೇ?” ಉರ್ಸುಲಾ ಬಾಯಿ.

“ಬೇಕು, ಬೇಕು.” ಮಾಸ್ಟ್ರು ಸ್ವಲ್ಪ ಬೇಗನೇ ಹೇಳಿದರು.

೧೫ ಅಕ್ಟೋಬರ್, ಭಾನುವಾರ
ಮಾಸ್ಟ್ರು ಸನ್ನೆ ಮಾಡಿದಾಗ ಸೆವರಿನ್ ಎರಡು ಹಾಳೆ ಒಟ್ಟಿಗೆ ತಿರುಗಿಸಿದ. ಕೈ ತಪ್ಪಿಯೋ, ಬೇಕೆಂದೋ. ಮಾಸ್ಟ್ರ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಅವರಿಗೆ ಎಲ್ಲವೂ ಬಾಯಿಪಾಠ. ಪುಸ್ತಕ ನೋಡುವುದೇ ಇಲ್ಲ.

ಸೆವರಿನ್ ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ.

ಕಾಫಿಗೆ ಬರಲಿಲ್ಲ.

೨೨ ಅಕ್ಟೋಬರ್, ಭಾನುವಾರ
ಸೆವರಿನ್ ಕೆಳಗೆ, ಹಿಂದಿನ ಬೆಂಚಿನಲ್ಲಿ. ಮೇಲಿನಿಂದ ತಲೆ ಮಾತ್ರ ಕಾಣುತ್ತದೆ. ಕರೆಯಲು ಇಳಿದು ಹೋದೆ. ಕೈ ಅಡ್ಡ ಆಡಿಸಿದ.

೬ ಫೆಬ್ರವರಿ ೧೯೬೨, ಮಂಗಳವಾರ
ಸೆವರಿನ್ ಬೆಳಿಗ್ಗೆ ತೀರಿಕೊಂಡ. ಕಾಯಿಲೆ ಶ್ವಾಸಕೋಶಕ್ಕೆ ಹೋಗಿತ್ತು. ಕ್ರಿಸ್ಮಸ್‌ನಿಂದ ಹಾಸಿಗೆಯಲ್ಲೇ ಇದ್ದ. ಉರ್ಸುಲಾ ಬಾಯಿ ಡ್ಯೂಟಿ ಮುಗಿಸಿ ದಿನವೂ ಹೋಗುತ್ತಿದ್ದರು. ನಾನು ಭಾನುವಾರಗಳಲ್ಲಿ.

ಸಂಜೆ ಅಭ್ಯಾಸ. ಅದೇ ಹಾಡು.

“ನಾಳೆ ಮಧ್ಯೆ ನಿಲ್ಲುದು ಬೇಡ,” ಎಂದರು ಮಾಸ್ಟ್ರು. “ಈ ಆರ್ಗನ್ನಿಗೆ ಗಾಳಿ ಉಂಟು. ಒಂದ್ಸಲವಾದ್ರೂ ಬರೆದ ಹಾಗೆ ಹಾಡುವ. ಅವನಿಗಾಗಿ.”

ಎರಡು ಸಲ ನಿಲ್ಲದೆ ಹಾಡಿದೆವು. ಸರಿಯಾಗಿ ಬಂತು.

೭ ಫೆಬ್ರವರಿ, ಬುಧವಾರ, ಸಂಜೆ
ಮಣ್ಣು ಕೊಟ್ಟು ಬಂದೆವು. ಜನ ತುಂಬ ಇದ್ದರು. ಅವನು ಕೋಟು ಹೊಲಿದುಕೊಟ್ಟವರೇ ಅರ್ಧ.

ಪೂಜೆಯಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಕೊನೆಯ ಸಾಲಿನ ಮೊದಲು ನಿಂತೆವು. ಯಾರೂ ಮಾತಾಡಿಕೊಂಡದ್ದಲ್ಲ. ಉರ್ಸುಲಾ ಬಾಯಿ ನಿಂತರು, ನಾನು ನಿಂತೆ. ಬೇಡವೆಂದ ಮಾಸ್ಟ್ರೇ ಕೈ ಎತ್ತಿದ್ದರು. ತಿದಿ ತುಂಬುವಷ್ಟು ಹೊತ್ತು ಕಾದೆವು. ‘ಟಕ್’ ಆಗಲಿಲ್ಲ.

ಹಾಡು ಮುಗಿಯಿತೆಂದು ಕೆಳಗೆ ಕೆಲವರು ಎದ್ದರು. ಮಾಸ್ಟ್ರ ಕೈ ಕೆಳಗೆ ಬರಲೇ ಇಲ್ಲ. ಅಲ್ಲಿ ಎತ್ತಿಕೊಡಬೇಕಾದದ್ದು ಬಾಸ್. ಉರ್ಸುಲಾ ಬಾಯಿ ನನ್ನ ಕಡೆ ನೋಡಿದರು.

ನಾನು ಟೆನರ್. ಅಷ್ಟು ಕೆಳಗೆ ನನ್ನ ಸ್ವರ ಹೋಗುವುದಿಲ್ಲ. ಆದರೂ ಬಾಯಿ ತೆರೆದು, ಒಡೆದ ಸ್ವರದಲ್ಲೇ, ಅವನ ಸಾಲು ಎತ್ತಿಕೊಟ್ಟೆ. ಉಳಿದವರು ನನ್ನ ಹಿಂದೆ.