ಕೊನೆಯ ಹಾಳೆಗಳ ಹೊಲಿಗೆ

ತಂಗೀ, ಮೊಮ್ಮಗಳ ಮನೆಗೆ ಸುಖವಾಗಿ ತಲುಪಿದ್ದೇನೆ, ಅಳು ನಿಲ್ಲಿಸು.

ಇವಳ ಸಂಶೋಧನೆ ನೂರೈವತ್ತು ವರ್ಷ ಹಳೆಯ ಇಟಲಿಯ ಹಾಡುನಾಟಕವೊಂದರ ಮೇಲೆ. ಮೂಲ ಕಾದಂಬರಿಯಲ್ಲಿ ಹುಡುಗಿ ಸಾಯುತ್ತಾಳೆ, ನಾಟಕದಲ್ಲಿ ಮದುವೆಯಾಗುತ್ತಾಳೆ. ಮದುವೆ ಆಮೇಲೆ ಸೇರಿಸಿದ್ದೆಂದು ಇವಳ ವಾದ. ಪುರಾವೆಯಿಲ್ಲದಿದ್ದರೆ ಪ್ರಬಂಧದಿಂದ ಆ ಅಧ್ಯಾಯವನ್ನೇ ಹೊಡೆದುಹಾಕುತ್ತೇನೆಂದು ಇವಳ ಮೇಷ್ಟ್ರ ಹಟ.

ನಿನ್ನೆ ಗ್ರಂಥಾಲಯದಲ್ಲಿ ಅವರಿಬ್ಬರ ಜೊತೆ ನಾಟಕದ ಕೈಬರಹದ ಪ್ರತಿ ನಾನೂ ನೋಡಿದೆ. ನಲವತ್ತು ವರ್ಷ ರವಿಕೆ ಹೊಲಿದವಳಲ್ಲವೇ, ತಕ್ಷಣ ತಿಳಿಯಿತು.

"ಮದುವೆ ಹಾಳೆಗಳ ದಾರವೇ ಬೇರೆ ಕಣೇ. ಹಳೇ ಹೊಲಿಗೆ ಬಿಚ್ಚಿ ಸೇರಿಸಿದಾರೆ."

ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. "ಹೌದಲ್ಲ! ಅಜ್ಜಿ, ಎಷ್ಟು ಓದಿದೀರಿ?"

"ನಾಲ್ಕನೇ ಕ್ಲಾಸು. ನೀವು ಗುಂಡಿ ಹಚ್ಚೋದು ಕಲ್ತಿದೀರಾ?"

ಅಧ್ಯಾಯ ಉಳಿಯಿತು. ಮೆಟ್ಟಿಲು ಹತ್ತಿ ಮಂಡಿ ಊದಿದೆ, ಎಣ್ಣೆ ಕಳಿಸು. ನನ್ನ ಹೆಸರನ್ನು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತಾಳಂತೆ. ದಪ್ಪಕ್ಷರದಲ್ಲಿ ಹಾಕೆಂದು ಬೈದಿದ್ದೇನೆ.

ಕಾರ್ಡು ತುಂಬಿತು.
ಅಕ್ಕ