ದೊರೆಸಾನಿಗೆ ಇನ್ನು ಕಾಳಿಲ್ಲ

ಕುದುರೆ ಲಾಯ
ಬುಧವಾರ, ಮಧ್ಯಾಹ್ನ

ಎದುರು ಮಹಡಿಯ ಶ್ರೀಮತಿಯವರ ಸನ್ನಿಧಾನಕ್ಕೆ,

ಹೀಗೆ ಶುರು ಮಾಡಿದರೆ ಮುಖ ಗಂಟು ಹಾಕಿಕೊಂಡಾದರೂ ಓದುತ್ತೀಯ ಎಂದು ಬರೆದೆ. ಓದು. ನಮ್ಮ ಕುದುರೆಗೆ ಹುಷಾರಿಲ್ಲ.

ಬೆಳಿಗ್ಗೆ ನನ್ನ ಸರದಿಗೆ ಬಂದಾಗ ದೊರೆಸಾನಿ ಮುಂಗಾಲು ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಬೇಡದ ನೆಂಟರನ್ನು ಬಾಗಿಲಲ್ಲಿ ಕಂಡವಳ ಹಾಗೆ ನಿಂತಿದ್ದಳು. ನಕ್ಕೆ. ಗೊರಸು ಮುಟ್ಟಿ ನೋಡಿದೆ, ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತಿತ್ತು. ನಗು ಅಲ್ಲೇ ನಿಂತಿತು.

ಪಶುವೈದ್ಯೆ ಬಂದರು. ಕಾಳು ಹಾಕುವವರು ಯಾರು ಎಂದರು. ನಾನು ಎದೆಯುಬ್ಬಿಸಿ, ನಾನೇ, ಸಂಜೆ ಬರುವ ಮಹಾತಾಯಿ ಬರೀ ಹುಲ್ಲು ಹಾಕಿ ಕೈತೊಳೆದುಕೊಳ್ಳುತ್ತಾಳೆ ಎಂದೆ. ಬಾಗಿಲಲ್ಲಿದ್ದ ನಿನ್ನ ಗೆಳತಿ, ಬೇಕರಿಯವಳು, ಕಿಸಕ್ಕನೆ ನಕ್ಕಳು. ನೀನು ಅವಳೆದುರು ದಿನಾ ಇದನ್ನೇ ಹೇಳುತ್ತೀಯಂತೆ: "ಆ ಮನುಷ್ಯ ಒಣಹುಲ್ಲು ಬಿಸಾಕಿ ಹೋಗ್ತಾನೆ ಕಣೇ. ನಾನು ಕಾಳು ಹಾಕದಿದ್ರೆ ಅದರ ಗತಿ ಏನು?"

ವೈದ್ಯೆ ನಗಲಿಲ್ಲ. "ಏನ್ರೀ, ಇದು ಕುದುರೆನಾ, ಕಾಣಿಕೆ ಹುಂಡಿನಾ? ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರು ಬಂದು ಬಂದು ಸುರೀತೀರಲ್ಲ!"

ನಮ್ಮ ಬುದ್ಧಿವಂತಿಕೆಯನ್ನು ಏನೆಂದು ವರ್ಣಿಸಲಿ? ಬಕೆಟ್ ನೆಕ್ಕಿದ ಹಾಗೆ ಖಾಲಿ, ಹುಲ್ಲು ಹಾಗೇ ಬಿದ್ದಿದೆ. ಇದನ್ನು ನೋಡಿ, ಕಾಳು ಬಿದ್ದೇ ಇಲ್ಲ, ಹುಲ್ಲೂ ಕಳಪೆ ಎಂದು ನಾನು ಬೆಳಿಗ್ಗೆ ತೀರ್ಮಾನಿಸುತ್ತಿದ್ದೆ, ನೀನು ಸಂಜೆ. ಇಬ್ಬರೂ ಇನ್ನೊಂದು ಬೊಗಸೆ ಓಟ್ಸ್, ಇನ್ನೊಂದು ಬೊಗಸೆ ಜೋಳ. ಕಾಳಿನಲ್ಲೇ ಹೊಟ್ಟೆ ತುಂಬಿದವಳಿಗೆ ಹುಲ್ಲು ಯಾಕೆ ಬೇಕು? ಡಬ್ಬ ಬೇಗ ಬರಿದಾಗುತ್ತಿದ್ದುದಕ್ಕೆ ನಾನು ಇಲಿಬೋನು ಇಟ್ಟಿದ್ದೆ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾವು ಮಾತು ಬಿಟ್ಟ ಘನವಂತರು.

ಕುದುರೆಯ ಹೊಟ್ಟೆ ನಮ್ಮ ಹಾಗಲ್ಲವಂತೆ. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯುವುದಕ್ಕೆಂದೇ ಇರುವುದು. ಕಾಳು ಅತಿಯಾದರೆ ಕರುಳಿನಲ್ಲಿ ಕೊಳೆತು ಹುಳಿಯಾಗಿ, ಅದರ ವಿಷ ಗೊರಸಿಗೆ ಇಳಿಯುತ್ತದೆ. ಈಗ ಕಾಳು ಪೂರ್ತಿ ಬಂದ್. ನೀರಲ್ಲಿ ನೆನೆಸಿ ಹಿಂಡಿದ ಹುಲ್ಲು, ತೂಗಿ, ಆಗಾಗ. ಕಾಲಿಗೆ ಮಂಜುಗಡ್ಡೆ. ಉಣಿಸುವುದು ಒಂದೇ ಕೈ ಆಗಿರಬೇಕು. ಮತ್ತೆ ಕಾಳು ಹೋದರೆ ಗೊರಸಿನೊಳಗಿನ ಎಲುಬೇ ಜಾರಬಹುದು. "ಆಮೇಲೆ ನನ್ನ ಚೀಲದಲ್ಲಿ ಒಂದೇ ಇಂಜೆಕ್ಷನ್ ಉಳಿಯುತ್ತೆ" ಎಂದು ನನ್ನ ಮುಖ ನೋಡದೆ ಹೇಳಿ ಹೋದರು.

ಆ ಕೈ ನಿನ್ನದಾಗಲಿ. ದೊರೆಸಾನಿ ನಿನ್ನವಳೇ ಆಗಲಿ, ಬೆಳಿಗ್ಗೆ, ಸಂಜೆ, ಪೂರ್ತಿ. ನಾವು ಬೇರೆಯಾದಾಗಿನಿಂದ ಅರ್ಧ ಕುದುರೆಗಾಗಿ ವಕೀಲರ ಹಾಗೆ ವಾದಿಸಿದವನು ಹೀಗೆನ್ನುತ್ತಿದ್ದಾನಲ್ಲ, ಇದರಲ್ಲಿ ಏನು ಕಿತಾಪತಿಯಿದೆ ಎಂದು ಹುಡುಕುತ್ತೀಯ. ಏನೂ ಇಲ್ಲ. ನಿನ್ನ ಹತ್ತಿರ ಸವಾರಿ ಕಲಿಯುವ ಮಕ್ಕಳು ಚಾಕಲೇಟಿಗೆ ಅತ್ತಾಗ ಬೇಡ ಎಂದು ಹೇಳಿ, ಆ ಮಾತಿನ ಮೇಲೇ ನಿಲ್ಲಬಲ್ಲವಳು ನೀನು. ನಾನು ಜೀನು ಹೊಲಿಯುವವನು. ಚರ್ಮದ ಮುಂದೆ ಮಾತ್ರ ಗಟ್ಟಿಗ.

ಗಾಬರಿಯಾಗಬೇಡ. ವೈದ್ಯೆ ಹೋದಾಗಿನಿಂದ ಅವಳ ಬಾಯಿಗೆ ನೆನೆಸಿದ ಹುಲ್ಲು ಬಿಟ್ಟು ಬೇರೇನೂ ಹೋಗಿಲ್ಲ. ಆದರೆ ಸಂಜೆಯವರೆಗೆ ಕಾಯಬೇಡ. ನಿನ್ನ ಮೆಟ್ಟಿಲು ಹತ್ತಬಾರದೆಂದು ನೀನು ಹೇಳಿದ್ದೀಯ, ಹತ್ತುವುದಿಲ್ಲ. ಬೇಕರಿಯವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಚಪ್ಪಲಿ ಹುಡುಕುತ್ತಾ ಕೂರಬೇಡ, ಬಾ.

ಇತಿ,
ನಿನ್ನ ಬಾಯಲ್ಲಿ 'ಆ ಮನುಷ್ಯ'

ತಾ.ಕ.: ಮೇಲೆ ಸುಳ್ಳು ಬರೆದಿದ್ದೇನೆ. ವೈದ್ಯೆಯ ಗಾಡಿ ತಿರುವು ದಾಟುವ ಮೊದಲೇ ದೊರೆಸಾನಿ ಬಕೆಟ್ಟಿಗೆ ಮೂತಿ ಬಡಿದು ನನ್ನನ್ನೇ ನೋಡಿದಳು. ಒಂದು ಹಿಡಿ ಹಾಕಿದೆ. ಆಮೇಲೆ ಇನ್ನೊಂದು. ಈಗ ಮಲಗಿದ್ದಾಳೆ, ಎಬ್ಬಿಸಿದರೂ ಏಳುತ್ತಿಲ್ಲ. ವೈದ್ಯೆಗೆ ಮತ್ತೆ ಹೇಳಿ ಕಳಿಸಿದ್ದೇನೆ. ಲಕೋಟೆಯಲ್ಲಿರುವುದು ಕಾಳಿನ ಡಬ್ಬಕ್ಕೆ ಈಗಷ್ಟೇ ಹಾಕಿದ ಬೀಗದ ಕೈ, ಇರುವುದು ಅದೊಂದೇ. ನಾನೇ ಬಂದು ಕಾಲು ಹಿಡಿದು ಕೇಳಿದರೂ ಕೊಡಬೇಡ.