ಅಮ್ಮನಿಗೆ ಗೊತ್ತಿದ್ದ ಕೀಲಿಕೈ

ಬಂದೂಕು ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಚರ್ಚಿನವರಿಂದ ವರ್ಷಗಳ ಕಾಲ ಮುಚ್ಚಿಟ್ಟ ಸಂಗತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಪೂಜೆ ಮುಗಿದೊಡನೆ ನಾನು ಓಡುವುದು ಫುಟ್‌ಬಾಲ್ ಆಡಲಿಕ್ಕಲ್ಲ, ರಿವಾಲ್ವರಿನಿಂದ ಗುರಿ ಹೊಡೆಯಲಿಕ್ಕೆ. ಅರ್ಧಕ್ಕೆ ಶಾಲೆ ಬಿಟ್ಟವನು, ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ಚಟ್ನಿ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುವವನು, ಬಂದೂಕನ್ನೂ ಹಿಡಿಯುತ್ತಾನೆ ಎಂದು ತಿಳಿದರೆ ನಮ್ಮ ಬಡಾವಣೆ ಕ್ವೀನ್ಸ್‌ಬರಿಯ ಆಂಟಿಯರು ಉಳಿದ ಕಥೆಯನ್ನು ತಾವೇ ಬರೆದು ಮುಗಿಸುತ್ತಿದ್ದರು. ಈಗ ನೀವು ನನ್ನ ಪರವಾನಗಿಯನ್ನು ರದ್ದು ಮಾಡಿ ಬಂದೂಕನ್ನು ಒಯ್ದಿರುವುದರಿಂದ ಮುಚ್ಚಿಡಲು ಏನೂ ಉಳಿದಿಲ್ಲ. ಇಂಗ್ಲಿಷಿನಲ್ಲಿ ಬರೆದ ನನ್ನ ಮನವಿಯನ್ನು ನಿಮ್ಮ ಕಚೇರಿ ಓದಿದ ಲಕ್ಷಣ ಕಾಣಲಿಲ್ಲ. ಹಾಗಾಗಿ ಅಮ್ಮ ಕಲಿಸಿದ ಕನ್ನಡದಲ್ಲಿ, ಎಲ್ಲರೆದುರು ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ. ಓದದೇ ಇರಲು ಈ ಸಲ ನಿಮಗೊಂದು ಒಳ್ಳೆಯ ಕಾರಣವಾದರೂ ಇರಲಿ.

ನನ್ನದು ನಲವತ್ತನಾಲ್ಕು ಕ್ಯಾಲಿಬರಿನ ರಿವಾಲ್ವರ್. ಈ ಇಂಗ್ಲಿಷರ ದೇಶದಲ್ಲಿ ಕೈಬಂದೂಕು ನಿಷಿದ್ಧ. ಆದರೆ ನಳಿಗೆಯನ್ನು ಒಂದಡಿ ಉದ್ದ ಮಾಡಿ, ಹಿಡಿಯ ಹಿಂದೆ ಕಬ್ಬಿಣದ ಸರಳೊಂದನ್ನು ಕೂರಿಸಿದರೆ ಅದು ಕೈಬಂದೂಕಲ್ಲ. ಮೇಕೆಗೆ ಉದ್ದ ಬಾಲ ಕಟ್ಟಿ ಕುದುರೆ ಎಂದು ಬರೆದುಕೊಳ್ಳುವ ಈ ಜಾಣತನವನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದಿಲ್ಲದಿದ್ದರೆ ನನಗೆ ರಿವಾಲ್ವರೇ ಇರುತ್ತಿರಲಿಲ್ಲ. ಹೊಡೆಯುವುದಕ್ಕಿಂತಲೂ ನನಗೆ ಇಷ್ಟ ತೋಟಾ ತುಂಬುವ ಕೆಲಸ. ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ತೊಳೆದು, ಪುಟ್ಟ ಒತ್ತುಯಂತ್ರದಲ್ಲಿ ಆಕಾರಕ್ಕೆ ತಂದು, ಮದ್ದು ತೂಗಿ ಸುರಿದು, ಸೀಸದ ಗುಂಡು ಕೂರಿಸಿ, ಕೊನೆಗೆ ತೋಟಾದ ಬಾಯಿಯ ಅಂಚನ್ನು ಒತ್ತಿ ಬಿಗಿಯುವುದು. ಶಾಲೆಯಲ್ಲಿ ಕೂತಲ್ಲಿ ಕೂರದ ನಾನು ಅಲ್ಲಿ ಕೂರುತ್ತೇನೆ. ಮದ್ದು ಹೆಚ್ಚಾದರೆ ಅಲ್ಲಿ ಅಂಕ ಹೋಗುವುದಿಲ್ಲ, ಬೆರಳು ಹೋಗುತ್ತದೆ. ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ನೆವ್ರಿಯ ಅಂಚು ಒತ್ತಿದ ಹಾಗೇ ಉಂಟಲ್ಲ. ಕ್ರಿಸ್‌ಮಸ್‌ಗೆ ಹೂರಣ ತುಂಬು ಅಂದರೆ ಮಾತ್ರ ನಿನಗೆ ಕೈನೋವು." ನೆವ್ರಿ ಎಂದರೆ ನಮ್ಮವರ ಕರ್ಜಿಕಾಯಿ.

ಬಂದೂಕಿನ ಕಪಾಟಿನ ಕೀಲಿಕೈ ಎಲ್ಲಿದೆ ಎಂದು ನನ್ನೊಬ್ಬನಿಗೇ ಗೊತ್ತಿರಬೇಕು ಎಂಬುದು ನಿಯಮ. ನಾನದನ್ನು ಕಾಲುಚೀಲದೊಳಗೆ ಅಡಗಿಸಿದ್ದೆ. ಒಗೆದ ಬಟ್ಟೆ ಮಡಚುವಾಗ ಅಮ್ಮನ ಕೈಗೆ ಸಿಕ್ಕಿತು. ಮನೆಯ ಎಲ್ಲ ಕೀಲಿಕೈಗಳೂ ಇರುವ ಕಡೆ, ಅಂದರೆ ನಾವು ಸಂಜೆ ಪ್ರಾರ್ಥನೆ ಮಾಡುವ ಪೀಠದ ಮೇಲೆ, ವೆಲಂಕಣಿ ಮಾತೆಯ ಪ್ರತಿಮೆಯ ಅಡಿಯಲ್ಲಿ ಅದನ್ನೂ ಇಟ್ಟರು. ನಾನು ತೆಗೆಯಲಿಲ್ಲ. ಮಾತೆಯ ಕಾವಲಿನಿಂದ ತೆಗೆದು ಮತ್ತೆ ಕಾಲುಚೀಲಕ್ಕೆ ಹಾಕುವ ಧೈರ್ಯ ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ. ನಿಯಮದ ಪ್ರಕಾರ ಅದು ತಪ್ಪೇ, ಆ ಬಗ್ಗೆ ನನ್ನ ವಾದವಿಲ್ಲ.

ತಪಾಸಣೆಗೆ ಬಂದ ನಿಮ್ಮ ಅಧಿಕಾರಿ ಒಳ್ಳೆಯ ಮನುಷ್ಯ. ಕೀಲಿಕೈ ಎಲ್ಲಿಡುತ್ತೀರಿ ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ನೆವ್ರಿಯ ತಟ್ಟೆ ಹಿಡಿದು ನಿಂತಿದ್ದ ಅಮ್ಮ. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗಿತ್ತು.

"ಇಲ್ಲೇ ಉಂಟು ಸರ್, ಮಾತೆಯ ಅಡಿಯಲ್ಲಿ. ನೀವು ತಿನ್ನಿ, ಸಕ್ಕರೆ ಕಮ್ಮಿ ಹಾಕಿದ್ದೇನೆ."

"ಅಂದರೆ ನಿಮಗೂ ಗೊತ್ತು?"

"ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು, ಹೆದರಬೇಡಿ. ಮನೆ ಆಶೀರ್ವಾದಕ್ಕೆ ಬಂದ ಫಾದರ್ ಎಲ್ಲ ಕೀಗಳಿಗೂ ತೀರ್ಥ ಹಾಕಿದ್ದಾರೆ."

"ಮಮ್, ಪ್ಲೀಸ್ ಸ್ಟಾಪ್ ಹೆಲ್ಪಿಂಗ್," ಎಂದಳು ಮೆಟ್ಟಿಲ ಮೇಲೆ ಕೂತಿದ್ದ ತಂಗಿ ಕ್ಲಾರಿಸ್ಸಾ.

ಅಧಿಕಾರಿ ಕಚ್ಚಿದ ನೆವ್ರಿಯನ್ನು ಕೈಯಲ್ಲೇ ಹಿಡಿದು ನನಗೊಂದು ದಾರಿ ತೋರಿಸಿದರು. "ನಿಮ್ಮ ತಾಯಿ ಬೇರೆ ಯಾವುದೋ ಕೀಲಿಕೈ ಬಗ್ಗೆ ಹೇಳುತ್ತಿರಬೇಕು, ಅಲ್ಲವೇ?"

"ಅಲ್ಲ ಸರ್, ಅದೇ," ಎಂದೆ.

ಬೇರೆ ಯಾರೂ ವಾಸಿಸದ ವಿಳಾಸದಿಂದ ಹೊಸದಾಗಿ ಅರ್ಜಿ ಹಾಕಿದರೆ ಪರಿಗಣಿಸಬಹುದು ಎಂದು ಆ ಉತ್ತರದ ಮೇಲೆ ಬಂದ ನಿಮ್ಮ ರದ್ದತಿ ಆದೇಶ ಹೇಳುತ್ತದೆ. ನನಗೆ ಅರ್ಥವಾದದ್ದು ಇಷ್ಟು: ನಾನು ಊಟ ಬಿಟ್ಟರೆ ಗದರುವ, ಬಾಗಿಲು ಜೋರಾಗಿ ಹಾಕಿಕೊಂಡರೆ ಹಿಂದೆಯೇ ಬಂದು "ಏನಾಯ್ತು ಮಗಾ" ಎಂದು ಕೇಳುವ ಹೆಂಗಸು ಇರುವ ಮನೆ ಅಪಾಯದ ಜಾಗ. ಗೋದಾಮುಗಳ ಹಿಂದಿನ ಬಾಡಿಗೆ ಕೋಣೆಯಲ್ಲಿ, ಯಾರೊಡನೆಯೂ ಮಾತಿಲ್ಲದೆ ರಿವಾಲ್ವರ್ ಮತ್ತು ಮದ್ದಿನ ಜೊತೆ ಕೂತ ಯುವಕ ಮಾತ್ರ ಸುರಕ್ಷಿತ. ಕೀಲಿಕೈಯನ್ನು ಇಷ್ಟು ಚೆನ್ನಾಗಿ ಕಾಯುವ ನಿಯಮಕ್ಕೆ ಅದನ್ನು ಹಿಡಿಯುವವನನ್ನು ಕಾಯುವುದು ಯಾರೆಂಬ ಚಿಂತೆ ಯಾಕಿಲ್ಲ?

ಪರವಾನಗಿಯನ್ನು ಸುಮ್ಮನೆ ಹಿಂದಿರುಗಿಸಿ ಎಂದು ನಾನು ಕೇಳುವುದಿಲ್ಲ. ಅಂಥದೇ ಒಂದು ಕೋಣೆಯನ್ನು ನಾನು ಬಾಡಿಗೆಗೆ ಹಿಡಿದಿದ್ದೇನೆ. ಅದರ ತಪಾಸಣೆಗೆ ಬಂದಾಗ ನಿಮ್ಮವರು ಒಂದು ಪ್ರಶ್ನೆ ಹೆಚ್ಚು ಕೇಳಬೇಕು: ಇವನು ಮಾತು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಉತ್ತರ ಸಿಗದಿದ್ದರೆ ಪರವಾನಗಿ ಕೊಡಬೇಡಿ, ನನಗೂ.

ಅಮ್ಮ ಈಗಷ್ಟೇ ಪುಟ್ಟ ಪ್ರತಿಮೆಯೊಂದನ್ನು ನನ್ನ ಚೀಲದಲ್ಲಿಟ್ಟು ಹೇಳಿದರು: "ಕೀ ಇದರ ಅಡಿಯಲ್ಲಿ ಇಡು. ನನಗೆ ಹೇಳಬೇಡ."

ಅಲ್ಲಿ ಇಡುವಂತಿಲ್ಲ. ಅಮ್ಮನಿಗೆ ಗೊತ್ತಾಗಿಹೋಯಿತಲ್ಲ.

ನಾಳೆ ಬೆಳಿಗ್ಗೆ ಮನೆ ಬಿಡುತ್ತಿದ್ದೇನೆ.

ಇಂತಿ,
ಇಂದಿನ ಮಟ್ಟಿಗೆ ಇನ್ನೂ ಅಪಾಯಕಾರಿಯಾಗಿರುವ,
ಡೀನ್
ಕ್ವೀನ್ಸ್‌ಬರಿ